ಇಪ್ಪತ್ತು ಫೋನ್ ಕರೆಗಳಲ್ಲಿ ಸಿಕ್ಕಿದ ಡೊಮೇನ್ ಹೆಸರು

ಅರ್ಥವಿಲ್ಲದ ಹೆಸರಿಟ್ಟು ಅಂಗಡಿ ತೆರೆದರೆ ಯಾರು ಬರುತ್ತಾರೆ ಎಂದು ಕೇಳಿದವರು ಒಬ್ಬಿಬ್ಬರಲ್ಲ. ಲೋಗೋ ಬರೆದುಕೊಟ್ಟವರು ಕೇಳಿದರು, ವೆಬ್‌ಸೈಟ್ ಕಟ್ಟಿಕೊಟ್ಟವರು ಕೇಳಿದರು, ಮನೆಯವರೂ ಕೇಳಿದರು. ಕೈಯಲ್ಲಿ ಹೊಲಿದ ನೋಟ್‌ಪುಸ್ತಕ ಮಾರುವವನ ಹೆಸರಿನಲ್ಲಿ ಪುಸ್ತಕ, ಹಾಳೆ, ಬರಹ ಯಾವುದಾದರೂ ಒಂದು ಇರಬೇಡವೇ ಎಂಬುದು ಎಲ್ಲರ ವಾದ. ಮೂರು ವರ್ಷ ಕಳೆದಿದೆ. ಈಗ ನನಗೆ ಬರುವ ಹತ್ತು ಆರ್ಡರ್‌ಗಳಲ್ಲಿ ನಾಲ್ಕು, ಹೆಸರನ್ನು ನೇರವಾಗಿ ಬ್ರೌಸರಿನಲ್ಲಿ ಟೈಪ್ ಮಾಡಿ ಬಂದವರದು. ಜಾಹೀರಾತಿನ ಒಂದು ಕಾಸೂ ತಗುಲದ ಆರ್ಡರ್‌ಗಳು ಅವು. ಏಳು ಅಕ್ಷರದ, ಯಾವ ನಿಘಂಟಿನಲ್ಲೂ ಇಲ್ಲದ, ಮಾಮೂಲಿ ದರಕ್ಕೆ ಸಿಕ್ಕ ಡಾಟ್ ಕಾಮ್ ಡೊಮೇನ್ ಹೆಸರು, ಅಂದರೆ ವೆಬ್ ವಿಳಾಸ, ಈ ಕೆಲಸ ಮಾಡಿದೆ ಎಂದು ಹೆಮ್ಮೆಯಿಂದಲೇ ಹೇಳುತ್ತೇನೆ.

ತಾಂತ್ರಿಕ ವಿವರಣೆಗೆ ಹೆಚ್ಚು ಹೋಗುವುದಿಲ್ಲ. ಲೆಕ್ಕವನ್ನು ಡಾಲರಿನಲ್ಲೇ ಕೊಡುತ್ತೇನೆ. ಡಾಟ್ ಕಾಮ್‌ನ ಸಗಟು ದರ ನಿಂತಿರುವುದೇ ಡಾಲರಿನ ಮೇಲೆ. ಅಂಕಿಗಳೆಲ್ಲ ನೆನಪಿನವು, ತುಸು ಹೆಚ್ಚುಕಡಿಮೆ ಇರಬಹುದು.

ನಾನು ಮೊದಲು ಕೊಂಡ ಹೆಸರು 'ಹೊಸಹಾಳೆ'. ಬಾಯಲ್ಲಿ ಹೇಳಲು ಚೆಂದ, ಅರ್ಥವೂ ಒಪ್ಪುತ್ತದೆ. ಹುಡುಕಿದ ಹತ್ತೇ ನಿಮಿಷಕ್ಕೆ ಖಾಲಿ ಇರುವುದು ಕಂಡು, ಹಿಂದೆಮುಂದೆ ನೋಡದೆ 11 ಡಾಲರ್ ಕೊಟ್ಟು ನೋಂದಾಯಿಸಿದೆ. ತೊಡಕು ಇದ್ದದ್ದು ಇಂಗ್ಲಿಷ್ ಲಿಪಿಯಲ್ಲಿ. 'ಹಾ' ಎಂಬ ದೀರ್ಘಕ್ಕೆ ನಾನು 'ಎ' ಅಕ್ಷರವನ್ನು ಎರಡು ಸಲ ಹಾಕಿದ್ದೆ. ಗ್ರಾಹಕರಲ್ಲಿ ಅರ್ಧಕ್ಕೂ ಹೆಚ್ಚು ಜನ ಒಂದೇ ಸಲ ಹಾಕುತ್ತಿದ್ದರು. ಹಾಗೆ ಬರೆದಾಗ ಅದನ್ನು 'ಹೊಸಹಳೆ' ಎಂದೂ ಓದಬಹುದು. ಹೊಸ ಪುಸ್ತಕ ಮಾರುವವನ ಹೆಸರಿನೊಳಗೆ 'ಹಳೆ' ಸೇರಿಕೊಂಡಿತ್ತು. ಅದನ್ನಾದರೂ ಸಹಿಸಬಹುದಿತ್ತು. ಆದರೆ ಒಂದೇ 'ಎ' ಇರುವ ಹೆಸರು ಬೇರೊಬ್ಬರ ಕೈಯಲ್ಲಿತ್ತು. ಅಲ್ಲಿ ಬರೀ ಜಾಹೀರಾತಿನ ಪುಟ, ಮೇಲೆ 'ಮಾರಾಟಕ್ಕಿದೆ' ಎಂಬ ಪಟ್ಟಿ. ವಿಚಾರಿಸಿದರೆ 1,900 ಡಾಲರ್ ಕೇಳಿದರು. ನನ್ನ ಹತ್ತಿರ ಅಷ್ಟು ಇರಲಿಲ್ಲ.

ನಿಜವಾದ ನಷ್ಟ ಇಮೇಲಿನಲ್ಲಿ ಆಯಿತು. ಒಂದು ಸಂಸ್ಥೆ ತನ್ನ ಸಿಬ್ಬಂದಿಗೆ ಕೊಡಲು 120 ಪುಸ್ತಕಗಳ ದರ ಕೇಳಿ ಪತ್ರ ಬರೆದಿತ್ತಂತೆ. ಆ ಪತ್ರ ನನಗೆ ತಲುಪಲೇ ಇಲ್ಲ. ಎರಡು ವಾರದ ಮೇಲೆ ಅವರೇ ಫೋನ್ ಮಾಡಿ, ಉತ್ತರ ಬಾರದ್ದಕ್ಕೆ ಬೇರೆಯವರಿಗೆ ಕೊಟ್ಟೆವು ಎಂದರು. ವಿಳಾಸವನ್ನು ಓದಿ ಹೇಳಿ ಎಂದು ಕೇಳಿಕೊಂಡೆ. ಒಂದು 'ಎ' ಕಡಿಮೆಯಿತ್ತು. ಅವರು ನನ್ನ ಹೆಸರನ್ನು ಕಿವಿಯಲ್ಲಿ ಕೇಳಿದ್ದರೇ ಹೊರತು ಕಣ್ಣಿನಲ್ಲಿ ನೋಡಿರಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ. ಹೆಸರನ್ನು ಫೋನಿನಲ್ಲಿ ಹೇಳಿ ಪರೀಕ್ಷಿಸುವ ನನ್ನ ವಿಧಾನದ ಬೀಜ ಬಿದ್ದದ್ದು ಆ ಫೋನ್ ಕರೆಯಲ್ಲೇ, ಆದರೆ ಅದು ನನಗೆ ಅರ್ಥವಾಗಲು ಇನ್ನೊಂದು ತಪ್ಪು ಮಾಡಬೇಕಾಯಿತು.

ಆ ಎರಡನೆಯ ತಪ್ಪನ್ನು ಬೇರೆಯವರ ಸಲಹೆ ಕೇಳಿ ಮಾಡಿದೆ. ಜನ ಏನನ್ನು ಹುಡುಕುತ್ತಾರೋ ಅದೇ ಹೆಸರಾಗಿರಬೇಕು, ಆಗ ಗೂಗಲ್ ಮೇಲಕ್ಕೆ ಎತ್ತುತ್ತದೆ ಎಂದರು. ಎರಡು ಹೈಫನ್ ಇರುವ, ಮೂರು ಇಂಗ್ಲಿಷ್ ಪದಗಳ ಹೆಸರನ್ನು ಹೊಸ ವಿಸ್ತರಣೆಯೊಂದರಲ್ಲಿ (ಡಾಟ್ ಕಾಮ್ ಬದಲಿಗೆ ಹೆಸರಿನ ಕೊನೆಗೆ ಬರುವ ಬೇರೆ ಬಾಲ) ಕೊಂಡೆ. ಮೊದಲ ವರ್ಷಕ್ಕೆ ಎರಡು ಡಾಲರಿಗೂ ಕಡಿಮೆ. ಹೆಸರಿನಲ್ಲಿ ಹುಡುಕಾಟದ ಪದ ಇದ್ದ ಮಾತ್ರಕ್ಕೆ ಸಪ್ಪೆ ಸೈಟ್‌ಗಳು ಮೇಲೇರುವುದನ್ನು ಗೂಗಲ್ 2012ರಲ್ಲೇ ತಗ್ಗಿಸಿತ್ತು. ಅದನ್ನು ನಾನು ಓದಿದ್ದು ದುಡ್ಡು ಕಟ್ಟಿದ ಮೇಲೆ. ಹುಡುಕಾಟದಲ್ಲಿ ನಾನು ಒಂದು ಮೆಟ್ಟಿಲೂ ಹತ್ತಲಿಲ್ಲ. ಫೋನಿನಲ್ಲಿ ಹೆಸರು ಹೇಳುವುದಂತೂ ಶಿಕ್ಷೆಯೇ ಆಯಿತು: "ನಡುವೆ ಅಡ್ಡಗೆರೆ, ಕೆಳಗಿನ ಗೆರೆಯಲ್ಲ, ನಡುವಿನದು, ಮತ್ತೆ ಇನ್ನೊಂದು ಅಡ್ಡಗೆರೆ, ಕೊನೆಗೆ ಡಾಟ್ ಕಾಮ್ ಅಲ್ಲ..." ಅಷ್ಟರಲ್ಲಿ ಆ ಕಡೆಯವರ ಉತ್ಸಾಹ ಇಳಿದಿರುತ್ತಿತ್ತು.

ಆ ಹೆಸರಿನ ನವೀಕರಣದ ಬಿಲ್ಲು 34 ಡಾಲರ್ ಬಂತು. ಡಾಟ್ ಕಾಮ್ ನಡೆಸುವ ವೆರಿಸೈನ್ ಸಗಟು ದರವನ್ನು ಎಷ್ಟು ಏರಿಸಬಹುದು ಎಂಬುದಕ್ಕೆ ಒಪ್ಪಂದದಲ್ಲಿ ಮಿತಿ ಇದೆ: ಪ್ರತಿ ಆರು ವರ್ಷದ ಅವಧಿಯ ಕೊನೆಯ ನಾಲ್ಕು ವರ್ಷಗಳಲ್ಲಿ, ವರ್ಷಕ್ಕೆ ಶೇ. 7. ಆ ಸಗಟು ದರ 2021ರಲ್ಲಿ 7.85 ಡಾಲರಿನಿಂದ ಏರತೊಡಗಿ 2024ರಲ್ಲಿ 10.26 ತಲುಪಿತು. 2012ರಲ್ಲಿ ಅರ್ಜಿ ಕರೆದ ಸುತ್ತಿನ ಬಳಿಕ ಬಂದ ಹೊಸ ವಿಸ್ತರಣೆಗಳಿಗೆ ಅಂಥ ಮಿತಿಯಿಲ್ಲ. ಹಾಗಾಗಿ ಮೊದಲ ವರ್ಷದ ದರವನ್ನು ನಾನು ಈಗ ಕಣ್ಣೆತ್ತಿಯೂ ನೋಡುವುದಿಲ್ಲ. ನವೀಕರಣದ ದರ ಕೇಳುತ್ತೇನೆ, ಅದನ್ನು ಐದರಿಂದ ಗುಣಿಸುತ್ತೇನೆ.

ಆ ಬಿಲ್ಲಿನ ಜೊತೆಗೇ ಇನ್ನೊಂದು ಅನಾಹುತವಾಯಿತು. ಹೆಸರು ಬದಲಿಸಿದಾಗ ಹಳೆಯ ಹೊಸಹಾಳೆಯ ಅಂಚೆಪೆಟ್ಟಿಗೆಯನ್ನು ನಿಲ್ಲಿಸಿದ್ದೆ, ತಿಂಗಳಿಗೆ ನಾಲ್ಕು ಡಾಲರ್ ಉಳಿಸಲು. ಹೆಸರು ನೋಂದಾಯಿಸಿಕೊಡುವ ಕಂಪನಿಯಾದ ರಿಜಿಸ್ಟ್ರಾರ್‌ನ ಖಾತೆಯಲ್ಲಿ ಇದ್ದದ್ದು ಅದೇ ಇಮೇಲ್ ವಿಳಾಸ ಎಂಬುದು ಮರೆತೇ ಹೋಗಿತ್ತು. ಕಾರ್ಡಿನ ಅವಧಿ ಮುಗಿದು ಸ್ವಯಂ ನವೀಕರಣ ವಿಫಲವಾಯಿತು. ಒಂದು ತಿಂಗಳು ಮೊದಲಿನ ಎಚ್ಚರಿಕೆ, ಒಂದು ವಾರ ಮೊದಲಿನ ಎಚ್ಚರಿಕೆ ಎರಡೂ ಸತ್ತ ಪೆಟ್ಟಿಗೆಗೆ ಹೋದವು. ಶುಕ್ರವಾರ ಸಂಜೆ ಸೈಟ್ ನಿಂತಿತು. ಪಾಸ್‌ವರ್ಡ್ ನೆನಪಿರಲಿಲ್ಲ, ಹೊಸದಕ್ಕೆ ಕೊಂಡಿ ಕೇಳಿದರೆ ಅದೂ ಅದೇ ಪೆಟ್ಟಿಗೆಗೆ ಹೋಗುತ್ತಿತ್ತು. ಹೊಸಹಾಳೆ ಹೆಸರನ್ನು ಮಾತ್ರ ನಾನು ಬಿಟ್ಟುಕೊಟ್ಟಿರಲಿಲ್ಲ. ಅದಕ್ಕೆ ಮತ್ತೆ ಮೇಲ್ ಸರ್ವರ್ ಜೋಡಿಸಿ, ಕೊಂಡಿ ತರಿಸಿಕೊಂಡು, ದುಡ್ಡು ಕಟ್ಟಿ ಎಲ್ಲ ಮೊದಲಿನಂತಾಗುವ ಹೊತ್ತಿಗೆ ನಾಲ್ಕು ದಿನ ಕಳೆದಿತ್ತು. ವರ್ಷದಲ್ಲಿ ಅತಿ ಹೆಚ್ಚು ಮಾರಾಟವಾಗುವ ವಾರ ಅದು. ಮಾಮೂಲಿ ದರದಲ್ಲಿ ಬಿಡಿಸಿಕೊಳ್ಳುವ ಅವಧಿಯೊಳಗೇ ಇದ್ದೆ. ಅದು ದಾಟಿದ್ದರೆ ದಂಡ ಕಟ್ಟಿ ಹೆಸರು ಬಿಡಿಸಿಕೊಳ್ಳುವ 30 ದಿನಗಳ ರಿಡೆಂಪ್ಷನ್, ಅದಕ್ಕೆ 80-100 ಡಾಲರ್ ದಂಡ. ಅದನ್ನೂ ತಪ್ಪಿಸಿಕೊಂಡರೆ ಐದು ದಿನಗಳಲ್ಲಿ ಹೆಸರು ಅಳಿದು ಬೇಕಾದವರ ಪಾಲು. ಇವತ್ತು ನನ್ನ ರಿಜಿಸ್ಟ್ರಾರ್ ಖಾತೆಯ ಇಮೇಲ್ ನನ್ನ ಯಾವ ಡೊಮೇನಿಗೂ ಸೇರಿದ್ದಲ್ಲ.

ಎರಡು ಹೆಸರು, ಎರಡು ಲೋಗೋ, ಎರಡು ಸಲ ಅಚ್ಚಾದ ಡಬ್ಬಿ ಮತ್ತು ಚೀಟಿಗಳು: ಎಲ್ಲ ಸೇರಿ 700 ಡಾಲರಿನಷ್ಟು ನೀರಿನಲ್ಲಿ ಹೋಮ. ಅದರಲ್ಲಿ ನೋಂದಣಿಯ ಖರ್ಚು 60 ಡಾಲರನ್ನೂ ಮುಟ್ಟಲಿಲ್ಲ. ಮುದ್ರಣವೇ ತಿಂದದ್ದು.

ಮೂರನೆಯ ಸಲ ಕಂಪ್ಯೂಟರ್ ಮುಚ್ಚಿಟ್ಟು ಕುಳಿತೆ. ನನ್ನ ಹೆಸರು ಹರಡುವುದು ಬಾಯಿಂದ ಕಿವಿಗೆ. ಹಾಗಾದರೆ ಕಿವಿಯಲ್ಲಿ ಕೇಳಿ ತಪ್ಪಿಲ್ಲದೆ ಟೈಪ್ ಮಾಡಬಹುದಾದ ಹೆಸರು ಬೇಕು, ಅರ್ಥ ಆಮೇಲಿನದು. ಕನ್ನಡದ ಧ್ವನಿಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವಾಗ ಜನ ಎಲ್ಲೆಲ್ಲಿ ಕವಲೊಡೆಯುತ್ತಾರೆ ಎಂದು ಪಟ್ಟಿ ಮಾಡಿದೆ. ದೀರ್ಘ ಸ್ವರ ಮೊದಲ ಶತ್ರು. ಳಕಾರ, ಣಕಾರ ಬೇಡ. 'ತ' ಬಂದರೆ ಅರ್ಧ ಜನ 'ಎಚ್' ಸೇರಿಸುತ್ತಾರೆ, 'ದ' ಬಂದರೂ ಅಷ್ಟೇ. ಶ, ಷ, ಸ ಮೂರೂ ಕೈಕೊಡುತ್ತವೆ. 'ವ' ಎಂದರೆ ಕೆಲವರಿಗೆ 'ವಿ', ಕೆಲವರಿಗೆ 'ಡಬ್ಲ್ಯು'. 'ಕ' ಎಂದರೆ 'ಕೆ' ಅಥವಾ 'ಸಿ'. ಒತ್ತಕ್ಷರ ಬಂದರೆ ಒಂದು ಅಕ್ಷರ ಹಾಕಬೇಕೋ ಎರಡೋ ಎಂಬ ಅನುಮಾನ. ಇಷ್ಟನ್ನೂ ತೆಗೆದಮೇಲೆ ಉಳಿದದ್ದು ಬ, ಮ, ನ, ರ, ಪ, ಲ ಮತ್ತು ಎರಡು ಮೂರು ಹ್ರಸ್ವ ಸ್ವರ. ಕೊನೆಯಲ್ಲಿ ಯಾವ ಸ್ವರ ಬಂದರೆ ತಪ್ಪು ಅತಿ ಕಡಿಮೆ ಎಂಬುದನ್ನೂ ಕಂಡುಕೊಂಡೆ. ಅದನ್ನು ಇಲ್ಲಿ ಹೇಳುವುದಿಲ್ಲ, ಇನ್ನೆರಡು ಹೆಸರು ಹುಡುಕುವುದು ಬಾಕಿ ಇದೆ. 'ಉ' ಮಾತ್ರ ಖಂಡಿತ ಅಲ್ಲ, ಅರ್ಧ ಜನ ಅದನ್ನು ನುಂಗಿಬಿಡುತ್ತಾರೆ.

ಈ ಧ್ವನಿಗಳಿಂದ ನಲವತ್ತು ಹೆಸರು ಕಟ್ಟಿದೆ. ಡಾಟ್ ಕಾಮ್‌ನಲ್ಲಿ ಖಾಲಿ ಇದ್ದವು ಹನ್ನೊಂದು. ಅದರಲ್ಲಿ ಆರನ್ನು ಆರಿಸಿ ಫೋನ್ ಹಿಡಿದೆ. ಒಂದು ಹೆಸರಿಗೆ ಇಪ್ಪತ್ತು ಜನ. ಪರೀಕ್ಷೆ ಎಂದು ಹೇಳುವಂತಿಲ್ಲ. ಬೇರೆ ಏನೋ ಮಾತಾಡುತ್ತಾ ನಡುವೆ ಒಂದೇ ಸಲ, "ಹೀಗೊಂದು ಹೆಸರಿನ ಸೈಟ್ ಇದೆ" ಎಂದು ಹೇಳುವುದು. ಅಕ್ಷರ ಬಿಡಿಸಿ ಹೇಳಬಾರದು. ಮರುದಿನ, "ನಿನ್ನೆ ಹೇಳಿದ ಸೈಟ್ ಯಾವುದು, ಇಂಗ್ಲಿಷಿನಲ್ಲಿ ಟೈಪ್ ಮಾಡಿ ಕಳಿಸಿ" ಎಂದು ಒಂದು ಸಂದೇಶ. ಹದಿನೇಳು ಜನ ಸರಿ ಬರೆದರೆ ಮಾತ್ರ ಹೆಸರು ಮುಂದಿನ ಸುತ್ತಿಗೆ. ಒಬ್ಬರ ಮೇಲೆ ಎರಡು ಹೆಸರು ಪ್ರಯೋಗಿಸಿದರೆ ಎರಡೂ ಕಲಸಿಹೋಗುತ್ತವೆ, ಹಾಗಾಗಿ ಪ್ರತಿ ಹೆಸರಿಗೂ ಹೊಸ ಜನ ಬೇಕು. ಆರು ಹೆಸರಿಗೆ ಸುಮಾರು ಒಂದೂವರೆ ತಿಂಗಳು ಹಿಡಿಯಿತು. ನನಗೆ ಬಹಳ ಇಷ್ಟವಾಗಿದ್ದ ಹೆಸರಿಗೆ ಒಂಬತ್ತು ಅಂಕ. ಮೂರು ಹೆಸರು ಗೆದ್ದವು: ಹದಿನೇಳು, ಹದಿನೆಂಟು, ಹತ್ತೊಂಬತ್ತು.

ಈ ನಡುವೆ ಒಂದೆರಡು ಪ್ರಯೋಗ ಮಾಡಿದೆ. ಮೊಬೈಲಿನ ಧ್ವನಿ ಟೈಪಿಂಗಿಗೆ ಅದೇ ಹೆಸರುಗಳನ್ನು ಹೇಳಿದೆ. ಕನ್ನಡಕ್ಕೆ ಹೊಂದಿಸಿದಾಗ ಹತ್ತರಲ್ಲಿ ಎಂಟು ಸಲ ಸರಿ ಬಂತು, ಇಂಗ್ಲಿಷಿಗೆ ಹೊಂದಿಸಿದರೆ ಅದು ತನಗೆ ಗೊತ್ತಿರುವ ಯಾವುದೋ ಪದಕ್ಕೆ ಎಳೆದುಕೊಂಡು ಹೋಯಿತು. ಮನುಷ್ಯರ ಕಿವಿಯ ಅಂಕವನ್ನೇ ನಂಬಿದೆ. ಕನ್ನಡ ಲಿಪಿಯಲ್ಲೇ ಒಂದು ಡಾಟ್ ಕಾಮ್ ಹೆಸರನ್ನೂ ನೋಂದಾಯಿಸಿ ನೋಡಿದೆ. ಪರದೆಯ ಮೇಲೆ ನಮ್ಮ ಅಕ್ಷರ ನೋಡಿದಾಗ ಮನಸ್ಸು ತುಂಬಿತು. ಆದರೆ ಹೆಸರನ್ನು ಸರ್ವರಿಗೆ ಜೋಡಿಸುವ ಡಿಎನ್‌ಎಸ್ ವ್ಯವಸ್ಥೆಯ ಒಳಗೆ ಅದು ಪ್ಯುನಿಕೋಡ್ ಆಗಿ, ಅಂದರೆ ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳ ರೂಪದಲ್ಲಿ, 'ಎಕ್ಸ್‌ಎನ್' ಮತ್ತು ಎರಡು ಹೈಫನ್‌ಗಳಿಂದ ಶುರುವಾಗುವ ಸಾಲಾಗಿ ಇರುತ್ತದೆ. ಕೊಂಡಿಯನ್ನು ನಕಲಿಸಿ ಬೇರೆಡೆ ಅಂಟಿಸಿದರೆ ಹಲವು ಸಲ ಆ ಸಾಲೇ ಕಾಣಿಸಿತು, ಅದನ್ನು ಕಂಡ ಇಬ್ಬರು ಇದು ವೈರಸ್ಸೇ ಎಂದು ಕೇಳಿದರು. ಕನ್ನಡ ಲಿಪಿಯ ಇಮೇಲ್ ವಿಳಾಸವನ್ನು ಹೆಚ್ಚಿನ ಫಾರ್ಮುಗಳು ಒಪ್ಪಲಿಲ್ಲ. ಆ ಹೆಸರನ್ನು ಇಟ್ಟುಕೊಂಡಿದ್ದೇನೆ, ಅದು ಮುಖ್ಯ ಸೈಟಿಗೇ ಕರೆತರುತ್ತದೆ. ವ್ಯಾಪಾರವನ್ನು ಅದರ ಮೇಲೆ ನಿಲ್ಲಿಸುವ ದಿನ ಬರಲಿ ಎಂದು ಮನಸಾರೆ ಬಯಸುತ್ತೇನೆ.

ಗೆದ್ದ ಮೂರರಲ್ಲಿ ಒಂದು ಟ್ರೇಡ್‌ಮಾರ್ಕ್ ಹುಡುಕಾಟದಲ್ಲಿ ಬಿತ್ತು. ಹದಿನಾರನೆಯ ವರ್ಗದಲ್ಲಿ, ಅಂದರೆ ಕಾಗದ ಮತ್ತು ಲೇಖನ ಸಾಮಗ್ರಿಯಲ್ಲೇ, ಅದೇ ಉಚ್ಚಾರದ ಗುರುತು ನೋಂದಣಿಯಾಗಿತ್ತು. ಡೊಮೇನ್ ಖಾಲಿ ಇದೆ ಎಂದಮಾತ್ರಕ್ಕೆ ಹೆಸರು ಖಾಲಿ ಇದೆ ಎಂದಲ್ಲ. ಗುರುತಿನ ಒಡೆಯರು ಡೊಮೇನ್ ವಿವಾದ ಬಗೆಹರಿಸಲು 1999ರಿಂದ ಜಾರಿಯಲ್ಲಿರುವ ಯುಡಿಆರ್‌ಪಿ ನಿಯಮದಡಿ ದೂರು ಕೊಡಬಹುದು. ನನಗೆ ದುರುದ್ದೇಶ ಇರಲಿಲ್ಲ ಎಂದು ವಾದಿಸಬಹುದಿತ್ತು, ಆದರೆ ವಾದಿಸುತ್ತಾ ವ್ಯಾಪಾರ ಮಾಡುವುದು ನನಗೆ ಬೇಕಿರಲಿಲ್ಲ. ಇನ್ನೊಂದು ಹೆಸರಿನ ಪೂರ್ವಜನ್ಮವನ್ನು, ಹಳೆಯ ವೆಬ್ ಪುಟಗಳನ್ನು ಉಳಿಸಿಡುವ ಇಂಟರ್ನೆಟ್ ಆರ್ಕೈವ್‌ನಲ್ಲಿ ತೆರೆದೆ. ಕೆಲವು ವರ್ಷಗಳ ಹಿಂದೆ ಅದರಲ್ಲಿ ಜೂಜಿನ ಸೈಟ್ ಇತ್ತು. ಕಳಂಕಿತ ಹೆಸರಿನಿಂದ ಕಳಿಸಿದ ಪತ್ರಗಳು ಸ್ಪ್ಯಾಮ್ ಪೆಟ್ಟಿಗೆಗೆ ಬೀಳುವ ಭಯವಿತ್ತು, ಅದನ್ನೂ ಬಿಟ್ಟೆ. ಉಳಿದದ್ದು ಹತ್ತೊಂಬತ್ತು ಅಂಕದ ಹೆಸರು.

ನೋಂದಣಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಡೊಮೇನ್ ವ್ಯವಸ್ಥೆಯನ್ನು ನೋಡಿಕೊಳ್ಳುವ ಐಕಾನ್ ಸಂಸ್ಥೆಯ ಮಾನ್ಯತೆ ಇರುವ, ಒಡೆಯರ ವಿವರ ಮರೆಮಾಡಲು ಬೇರೆ ದುಡ್ಡು ಕೇಳದ, ಎರಡು ಹಂತದ ಲಾಗಿನ್ ಇರುವ ರಿಜಿಸ್ಟ್ರಾರ್ ಹಿಡಿದೆ. ಗರಿಷ್ಠ ಹತ್ತು ವರ್ಷಕ್ಕೆ ಕಟ್ಟಬಹುದು, ನಾನು ಐದಕ್ಕೆ ಕಟ್ಟಿದೆ. ಇಮೇಲ್ ದೃಢೀಕರಣದ ಕೊಂಡಿಯನ್ನು ಆಗಲೇ ಒತ್ತಿದೆ, 15 ದಿನಗಳಲ್ಲಿ ಒತ್ತದಿದ್ದರೆ ಸೈಟ್ ನಿಲ್ಲಿಸುತ್ತಾರೆ. ಹೆಸರಿನ ಒಡೆತನ ನನ್ನ ಸ್ವಂತ ಹೆಸರಿನಲ್ಲೇ ಇದೆ, ಸೈಟ್ ಕಟ್ಟಿಕೊಟ್ಟವರ ಖಾತೆಯಲ್ಲಿ ಅಲ್ಲ. ಇದೊಂದರಲ್ಲಿ ಯಾರ ಮಾತನ್ನೂ ಕೇಳಬೇಡಿ. ಎದುರಾದ ಮೂವರು ಇದೇ ಕಾರಣಕ್ಕೆ ಹೆಸರು ಕಳೆದುಕೊಂಡದ್ದನ್ನು ಕಣ್ಣಾರೆ ಕಂಡಿದ್ದೇನೆ.

ಇಪ್ಪತ್ತು ಜನರಲ್ಲಿ ಒಬ್ಬರು ಮಾತ್ರ ನಡುವಿನ ಅಕ್ಷರವನ್ನು ಎರಡು ಸಲ ಬರೆದಿದ್ದರು. ಆ ತಪ್ಪು ಕಾಗುಣಿತವನ್ನೂ ಕೊಂಡೆ. ಹೊಸಹಾಳೆಯನ್ನೂ ಸೇರಿಸಿ ಮೂರು ಹೆಸರಿಗೆ ಐದು ವರ್ಷಕ್ಕೆ 170 ಡಾಲರಿನ ಆಸುಪಾಸು. ಒಬ್ಬರ ತಪ್ಪಿಗೆ 55 ಡಾಲರ್ ಸುರಿಯುತ್ತೀರಾ ಎಂದು ಆಗಲೂ ಕೇಳಿದರು. ಇಪ್ಪತ್ತರಲ್ಲಿ ಒಬ್ಬರು ಎಂದರೆ ನೂರರಲ್ಲಿ ಐವರು ಎಂಬುದು ನನ್ನ ಲೆಕ್ಕ. ಕಳೆದ ತಿಂಗಳು ಆ ತಪ್ಪು ಹೆಸರಿನ ಮೂಲಕ ಮೂವತ್ತೊಂದು ಜನ ಬಂದರು. ಅವರಲ್ಲಿ ಇಬ್ಬರು ಪುಸ್ತಕ ಕೊಂಡರು. ಇನ್ನೊಬ್ಬರು ಶಾಲೆಯೊಂದರ ಪರವಾಗಿ ಅದೇ ತಪ್ಪು ವಿಳಾಸಕ್ಕೆ ಪತ್ರ ಬರೆದು, 150 ಪುಸ್ತಕಗಳ ದರ ಕೇಳಿದರು. ಈ ಸಲ ಪತ್ರ ನನ್ನ ಪೆಟ್ಟಿಗೆಗೇ ಬಂತು.