ಟೇಬಲ್ ಬಿಟ್ಟೆ, ಅಮ್ಮಂದಿರ ವಿಡಿಯೊ ಹಿಡಿದೆ: ಮಾತು ತಡವಾದ ಮಕ್ಕಳ ಜೊತೆ ನನ್ನ ಅನುಭವ

"ಮಗುಗೆ ಥೆರಪಿ ಕೊಡ್ರೀ ಅಂದ್ರೆ ಅಮ್ಮನ ವಿಡಿಯೊ ತೆಗೀತಾಳಂತೆ" ಅಂತ ದಾವಣಗೆರೆಯಲ್ಲೇ ನನ್ನ ಬಗ್ಗೆ ಆಡಿಕೊಂಡವರಿದ್ದಾರೆ. ಅವರಲ್ಲಿ ನನ್ನ ಜೊತೆ ಓದಿದವರೂ ಇದ್ದರು. ಹೋದ ತಿಂಗಳು ಅವರಲ್ಲೇ ಒಬ್ಬರು ಫೋನ್ ಮಾಡಿ "ಅದು ಹೆಂಗೆ ಮಾಡ್ತೀಯ, ಸ್ವಲ್ಪ ಹೇಳೇ" ಅಂದರು. ಅವರಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತಿದ್ದೇನೆ. ಮಾತು ತಡವಾದ ಮಕ್ಕಳಿಗೆ, ಅದರಲ್ಲೂ ಆಟಿಸಂ (ಬೇರೆಯವರ ಜೊತೆ ಬೆರೆಯುವುದು, ಮಾತಾಡುವುದು ಕಷ್ಟ ಆಗುವ ಬೆಳವಣಿಗೆಯ ಸ್ಥಿತಿ) ಇರುವವರಿಗೆ ಥೆರಪಿ ಕೊಡುವುದು ನನ್ನ ಕೆಲಸ. ಅಮ್ಮ, ಮಗು ಆಡುವುದನ್ನು ವಿಡಿಯೊ ಮಾಡಿ ಅಮ್ಮನಿಗೇ ತೋರಿಸಿ ಕಲಿಸುತ್ತೇನೆ. ಎಂ-ಚಾಟ್ ಅಂದರೆ ಚಿಕ್ಕ ಮಕ್ಕಳಲ್ಲಿ ಆಟಿಸಂ ಸುಳಿವು ಹುಡುಕುವ ಪ್ರಶ್ನಾವಳಿ, ಬೇರಾ ಅಂದರೆ ಕಿವಿ ಕೇಳುತ್ತದೆಯೇ ಅಂತ ನೋಡುವ ಪರೀಕ್ಷೆ. ಅದಕ್ಕಿಂತ ಹೆಚ್ಚು ವಿವರಿಸಲ್ಲ. ಈ ಕೆಲಸದಲ್ಲಿ ಇರುವವರಿಗೆ ಅದು ಗೊತ್ತೇ ಇದೆ.

ಮೊದಲು ನಾನೂ ಎಲ್ಲರ ಹಾಗೇ ಮಾಡುತ್ತಿದ್ದೆ. ಸಣ್ಣ ಟೇಬಲ್, ಸಣ್ಣ ಕುರ್ಚಿ, ಫ್ಲ್ಯಾಶ್ ಕಾರ್ಡ್, ಮುಕ್ಕಾಲು ಗಂಟೆ. ಅಮ್ಮ ಹೊರಗೆ ಬೆಂಚಿನ ಮೇಲೆ ಕೂತಿರುತ್ತಿದ್ದಳು. ಸೆಷನ್ನಿಗೆ 400 ರೂಪಾಯಿ, ವಾರಕ್ಕೆ ಮೂರು. ತಿಂಗಳಿಗೆ ಐದು ಸಾವಿರದ ಹತ್ತಿರ ಆಗುತ್ತಿತ್ತು. ಜಗಳೂರು, ಚನ್ನಗಿರಿ ಕಡೆಯಿಂದ ಬರುವವರಿಗೆ ಬಸ್ ಚಾರ್ಜು ಬೇರೆ, ಆ ದಿನದ ಕೂಲಿಯೂ ಹೋಯಿತು. ಹತ್ತು ಮನೆಯವರು ಸೇರಿಕೊಂಡರೆ ಮೂರನೇ ತಿಂಗಳಿಗೆ ಉಳಿಯುತ್ತಿದ್ದವರು ನಾಲ್ಕೋ ಐದೋ. ಉಳಿದ ಮಕ್ಕಳೂ ನನ್ನ ರೂಮಿನಲ್ಲಿ ಕಾರ್ಡ್ ನೋಡಿ "ಬಾಲ್" ಅನ್ನುತ್ತಿದ್ದರು. ಮನೆಯಲ್ಲಿ ಚೆಂಡು ಮಂಚದ ಕೆಳಗೆ ಉರುಳಿಹೋದರೆ ಅಮ್ಮನ ಕೈ ಹಿಡಿದು ಎಳೆಯುತ್ತಿದ್ದರು ಅಷ್ಟೇ, ಬಾಯಿ ಬಿಡುತ್ತಿರಲಿಲ್ಲ. ಎಬಿಸಿಡಿ ಪೂರ್ತಿ ಹೇಳುವ ಮಗು ನೀರು ಕೇಳಲ್ಲ. ನೀವೂ ಇಂಥ ಮಕ್ಕಳನ್ನು ನೋಡಿರುತ್ತೀರಿ, ಅಲ್ವಾ?

ಆಮೇಲೆ ಸೆನ್ಸರಿ ರೂಮ್ ಮಾಡಿದರೆ ಜನ ನಿಲ್ಲುತ್ತಾರೆ ಅಂದರು. ಉಯ್ಯಾಲೆ, ಬಾಲ್ ಪೂಲ್, ಬಣ್ಣದ ಲೈಟು ಅಂತ 40 ಸಾವಿರದ ಮೇಲೆ ಹೋಯಿತು. ಮಕ್ಕಳು ಖುಷಿಯಾಗಿ ಆಡಿದರು. ಮಾತು ಬರಲಿಲ್ಲ. ಬಾಲ್ ಪೂಲನ್ನು ಒಂದು ನರ್ಸರಿಯವರಿಗೆ ಅರ್ಧ ಬೆಲೆಗೆ ಕೊಟ್ಟೆ. ನಾಲ್ಕೈದು ಮಕ್ಕಳನ್ನು ಒಟ್ಟಿಗೆ ಕೂರಿಸಿ ಗುಂಪು ಕ್ಲಾಸ್ ಮಾಡಿದ್ದೂ ಎರಡು ತಿಂಗಳೊಳಗೆ ನಿಂತಿತು. ಒಬ್ಬ ಕಿರುಚಿದರೆ ಉಳಿದವರೆಲ್ಲ ಕಿವಿ ಮುಚ್ಚಿಕೊಳ್ಳುತ್ತಿದ್ದರು.

ವಿಡಿಯೊ ವಿಚಾರ ನಾನು ಹುಟ್ಟಿಸಿದ್ದಲ್ಲ. ಆಟದ ವಿಡಿಯೊ ತೋರಿಸಿ ಹೆತ್ತವರಿಗೆ ಕಲಿಸುವ ಇಂಗ್ಲೆಂಡಿನ ಪ್ಯಾಕ್ಟ್ ಪದ್ಧತಿಯನ್ನು ನಮ್ಮ ಕಡೆಗೆ ಹೊಂದಿಸಿ ಗೋವಾದಲ್ಲೂ ಪಾಕಿಸ್ತಾನದ ರಾವಲ್ಪಿಂಡಿಯಲ್ಲೂ ಪ್ರಯೋಗ ಮಾಡಿದ್ದರು. ಫಲಿತಾಂಶ 2016ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಮಾಡಿದವರು ಥೆರಪಿಸ್ಟುಗಳಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು. ಅಮ್ಮ ಮಗುವಿಗೆ ಸ್ಪಂದಿಸುವ ರೀತಿ ಸುಧಾರಿಸಿತು, ಮಗು ತಾನಾಗೇ ಅಮ್ಮನ ಹತ್ತಿರ ಬಂದು ಏನಾದರೂ ಶುರು ಮಾಡುವುದು ಜಾಸ್ತಿಯಾಯಿತು. ಇದನ್ನು ಓದಿದ ಮೇಲೆ ನಮ್ಮ ಜಗಳೂರಿನ ಅಮ್ಮಂದಿರಿಗೆ ಯಾಕೆ ಆಗಬಾರದು ಅನ್ನಿಸಿತು.

ನಾನು ಮಾಡುವುದು ಇಷ್ಟು. ನೆಲದ ಮೇಲೆ ಚಾಪೆ, ಮನೆಯಿಂದಲೇ ತಂದ ಸಾಮಾನು. ಅಮ್ಮ, ಮಗು ಹತ್ತು ನಿಮಿಷ ಆಡುತ್ತಾರೆ. ನಾನು ಬಾಯಿ ಬಿಡಲ್ಲ, ಅವರ ಫೋನಲ್ಲೇ ರೆಕಾರ್ಡ್ ಮಾಡುತ್ತೇನೆ. ಆಮೇಲೆ ಅಮ್ಮನ ಪಕ್ಕ ಕೂತು ಟಿವಿಯಲ್ಲಿ ಹಾಕಿ ನೋಡುತ್ತೇವೆ. ಅವಳು ಚೆನ್ನಾಗಿ ಮಾಡಿದ ಜಾಗದಲ್ಲಿ ಮಾತ್ರ ನಿಲ್ಲಿಸುತ್ತೇನೆ. ತಪ್ಪು ತೋರಿಸಲ್ಲ. ಟ್ರೈಪಾಡಿಗೆ ಏಳು ನೂರೋ ಎಂಟು ನೂರೋ ಕೊಟ್ಟೆ. ಸೆಕೆಂಡ್ ಹ್ಯಾಂಡ್ ಟಿವಿಗೆ ಆರು ಸಾವಿರ ಚಿಲ್ಲರೆ. ಖರ್ಚು ಅಷ್ಟೇ.

ಒಂದು ವಿಡಿಯೊ ಬಗ್ಗೆ ಹೇಳುತ್ತೇನೆ, ಅದರಲ್ಲಿ ಎಲ್ಲಾ ಇದೆ. ಎರಡೂವರೆ ದಾಟಿದ ಹುಡುಗ. ಹೆಸರು ಕರೆದರೆ ತಿರುಗಲ್ಲ, ಬೆರಳು ಮಾಡಿ ಏನನ್ನೂ ತೋರಿಸಲ್ಲ. ಸ್ಟೀಲ್ ಡಬ್ಬಿಯ ಮುಚ್ಚಳ ತಿರುಗಿಸುತ್ತಾ ಕೂರುತ್ತಿದ್ದ. ಅಮ್ಮ ಪಕ್ಕದಲ್ಲಿ ಒಂದೇ ಸಮನೆ "ಇದೇನು? ಇದೇನು ಹೇಳು? ಅಪ್ಪ ಎಲ್ಲಿ? ಅಮ್ಮ ಅನ್ನು" ಅಂತಿದ್ದಳು. ಹುಡುಗ ಅವಳ ಕಡೆ ಬೆನ್ನು ಮಾಡಿದ. ನಡುವೆ ಒಂದು ಕಡೆ ಅವಳಿಗೆ ಸುಸ್ತಾಗಿ ಸುಮ್ನೆ ಆದಳು. ಮುಚ್ಚಳ ತಿರುಗಿ ನಿಂತಿತು. ಹುಡುಗ ಕತ್ತೆತ್ತಿ ಅವಳ ಮುಖ ನೋಡಿದ, ಮುಚ್ಚಳವನ್ನು ಒಂದಿಷ್ಟು ಅವಳ ಕಡೆ ತಳ್ಳಿದ. ಎರಡು ಸೆಕೆಂಡು ಇರಬಹುದು. ಅಲ್ಲಿ ನಿಲ್ಲಿಸಿದೆ. ಹಿಂದೆ ಹೋಗಿ ಮತ್ತೆ ಹಾಕಿದೆ, ಏನೂ ಹೇಳಲಿಲ್ಲ. "ಮೇಡಂ, ಅವ್ನು ನನ್ನ ನೋಡಿದ!" ಅಂತ ಅವಳೇ ಕೂಗಿದಳು.

ಮುಂದಿನ ಎರಡು ವಾರಕ್ಕೆ ಅವಳಿಗೆ ಕೊಟ್ಟ ಹೋಂ ಪ್ರೋಗ್ರಾಂ ಒಂದೇ. ದಿನಕ್ಕೆ ಅರ್ಧ ಗಂಟೆ, ಒಂದೂ ಪ್ರಶ್ನೆ ಕೇಳಬೇಡ. ಅವನು ಮುಚ್ಚಳ ತಿರುಗಿಸಿದರೆ ನೀನೂ ಒಂದು ತಿರುಗಿಸು, "ಗುರ್ರ್" ಅನ್ನು, ಸುಮ್ನೆ ಕಾಯಿ. ಒಂದು ತಿಂಗಳಿಗೆ ಮುಚ್ಚಳ ತಂದು ಅವಳ ಕೈಗೆ ಕೊಡುವುದು ಶುರುವಾಯಿತು. ಎರಡನೇ ತಿಂಗಳ ಕೊನೆಗೆ "ಗುರ್" ಅಂದ. ನಾಲ್ಕೈದು ತಿಂಗಳಿಗೆ "ತಿರ್ಸು", "ಬೇಕು", "ಅಮ್ಮ ಬಾ" ಬಂತು. ಆಟಿಸಂ ಹೋಗಿಲ್ಲ, ಹೋಗುತ್ತೆ ಅಂತ ನಾನು ಯಾರಿಗೂ ಹೇಳಲ್ಲ. ಆದರೆ ಈಗ ಅವನು ಆಕಾಶದಲ್ಲಿ ವಿಮಾನ ಹೋದರೆ ಬೆರಳು ಮಾಡಿ ಅಮ್ಮನ ಮುಖ ನೋಡುತ್ತಾನೆ. ಮುಕ್ಕಾಲು ಗಂಟೆಯ ಟೇಬಲ್ ಕೆಲಸದಿಂದ ಇಷ್ಟು ಬೇಗ ಇದು ಬಂದದ್ದನ್ನು ನಾನಂತೂ ನೋಡಿಲ್ಲ.

ಮೊದಲ ಆರು ತಿಂಗಳು ದುಡ್ಡಿನ ವಿಷಯದಲ್ಲಿ ಬಹಳ ಕಷ್ಟ ಆಯಿತು. ಹದಿನೈದು ದಿನಕ್ಕೊಮ್ಮೆ ಬನ್ನಿ, ಒಂದೂಕಾಲು ಗಂಟೆ, 600 ರೂಪಾಯಿ ಅಂದೆ. ತಿಂಗಳ ಆದಾಯ ಅರ್ಧಕ್ಕೆ ಇಳಿಯಿತು. ರೂಮ್ ಬಾಡಿಗೆ ಒಂಬತ್ತು ಸಾವಿರ ಹಾಗೇ ಇತ್ತು. ಕೆಲವು ಅಪ್ಪಂದಿರು "ಮಗುವನ್ನ ಮುಟ್ಟೋದೇ ಇಲ್ಲ, 600 ಯಾಕೆ?" ಅಂತ ಮುಖಕ್ಕೇ ಕೇಳಿ ಎದ್ದು ಹೋದರು. ಆದರೆ ಒಪ್ಪಿದವರು ಬಿಡಲಿಲ್ಲ. ಈಗ ಹತ್ತು ಮನೆಯವರು ಬಂದರೆ ಎಂಟು ಮಂದಿ ವರ್ಷದವರೆಗೂ ಇರುತ್ತಾರೆ. ಆದಾಯ ಹಳೇದಕ್ಕೆ ಸಮ ಬಂದು ಸ್ವಲ್ಪ ಮೇಲೂ ಹೋಗಿದೆ. ಮಗುವಿಗೆ ಆಟಿಸಂ ಸರ್ಟಿಫಿಕೇಟ್ ಆಗಿದ್ದರೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ ಮಾಡಿಸಿ ಅಂತ ಮೊದಲ ದಿನವೇ ಹೇಳುತ್ತೇನೆ. 1 ಲಕ್ಷದವರೆಗಿನ ವಿಮೆ ಅದು, ಅದರಲ್ಲಿ ಥೆರಪಿಗೂ ಒಂದು ಪಾಲಿದೆ. ಬಿಲ್ ಸರಿಯಾಗಿ ಬರೆದುಕೊಡಿ, ಆ ಮನೆಯವರಿಗೆ ದೊಡ್ಡ ಸಹಾಯ.

ನಡುನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ನಮ್ಮೂರಲ್ಲಿ ಮಂಡಕ್ಕಿಗೆ ಬರವೇ? ಆಟಿಕೆ ಬದಲು ಮಂಡಕ್ಕಿಯನ್ನು ಪಾರದರ್ಶಕ ಡಬ್ಬಿಗೆ ಹಾಕಿ, ಮುಚ್ಚಳ ಬಿಗಿ ಮಾಡಿ ಮುಂದಿಟ್ಟೆ. ಕೇಳಿದಾಗೆಲ್ಲ ನಾಲ್ಕೇ ಕಾಳು. ಚಾಕಲೇಟಿಗಿಂತ ಇದು ವಾಸಿ, ಬೇಗ ಹೊಟ್ಟೆ ತುಂಬಲ್ಲ, ಹಾಗಾಗಿ ಕೇಳುವ ಅವಕಾಶ ಜಾಸ್ತಿ. ಕೂತು ತಿನ್ನುವ ಮಗುವಿಗೆ ಮಾತ್ರ ಕೊಡಿ. ಇನ್ನೊಂದು ಭಾಷೆಯದು. ಮನೆಯಲ್ಲಿ ಲಂಬಾಣಿ, ಉರ್ದು, ತೆಲುಗು ಆಡುವವರಿಗೆ "ಕನ್ನಡ ಒಂದೇ ಇಟ್ಟುಕೊಳ್ಳಿ" ಅಂತ ಯಾರೋ ಹೇಳಿ ಕಳಿಸಿರುತ್ತಾರೆ. ನಾನು ಆ ಮಾತನ್ನು ತೆಗೆಸಿದೆ. ಎರಡು ಭಾಷೆ ಕೇಳಿದರೆ ಮಾತು ತಡ ಆಗಲ್ಲ. ಬಾರದ ಭಾಷೆಯಲ್ಲಿ ಆಡಲು ಹೋಗಿ ಅಮ್ಮನೇ ಮಾತು ಕಮ್ಮಿ ಮಾಡಿಬಿಡುತ್ತಾಳೆ. ಒಬ್ಬ ತಾಂಡಾದ ಅಮ್ಮ ತನ್ನ ಭಾಷೆಗೆ ಮರಳಿದ ವಾರವೇ ವಿಡಿಯೊದಲ್ಲಿ ಅವಳ ದನಿಯೇ ಬದಲಾಗಿತ್ತು.

ಅಜ್ಜಿಯರ ವಿಷಯ ಬಿಡುವ ಹಾಗಿಲ್ಲ. "ಅವರಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು" ಅಂತ ನಾಲಿಗೆಗೆ ಬಜೆ ತೇಯ್ದು ಹಚ್ಚುತ್ತಾ ಒಂದು ವರ್ಷ ಕಳೆದುಬಿಡುತ್ತಾರೆ. ಎಂ-ಚಾಟ್ 16 ತಿಂಗಳಿಗೇ ಕೇಳಬಹುದು, ನನ್ನ ಹತ್ತಿರ ಬರುವ ಹೊತ್ತಿಗೆ ಮಗುವಿಗೆ ಮೂರು ತುಂಬುತ್ತಿರುತ್ತೆ. ವಾದ ಮಾಡುವ ಬದಲು ಅಜ್ಜಿಯನ್ನೇ ಚಾಪೆಗೆ ಕೂರಿಸಿ ರೆಕಾರ್ಡ್ ಮಾಡಿದೆ. ಅವರು ಪ್ರಶ್ನೆ ಕಮ್ಮಿ ಕೇಳುತ್ತಾರೆ, ಆತುರವಿಲ್ಲ, ಹಾಡಿನ ಕೊನೆಯ ಪದ ಬಿಟ್ಟು ಕಾಯುವುದು ಅವರಿಗೆ ಸಹಜವಾಗಿ ಬರುತ್ತೆ. ನನ್ನ ಒಳ್ಳೆಯ ವಿಡಿಯೊಗಳಲ್ಲಿ ಅರ್ಧ ಅಜ್ಜಿಯರವೇ.

ಮೊದಲ ಭೇಟಿಯಲ್ಲಿ ಯಾವ ಎರಡು ತುಣುಕು ಆರಿಸಿ ತೋರಿಸುತ್ತೇನೆ, ಒಪ್ಪದ ಅಪ್ಪನನ್ನು ಚಾಪೆಗೆ ಹೇಗೆ ಇಳಿಸುತ್ತೇನೆ ಅನ್ನುವುದನ್ನು ಇಲ್ಲಿ ಬರೆಯಲ್ಲ. ಅದು ವರ್ಷಗಟ್ಟಲೆ ಕೂತು ಕಲಿತದ್ದು. ಬಂದು ಪಕ್ಕದಲ್ಲಿ ಕೂತರೆ ತೋರಿಸುತ್ತೇನೆ.

ಶುರು ಮಾಡುವವರು ಎರಡು ವಿಷಯ ನೋಡಿಕೊಳ್ಳಿ. ಕಿವಿ ಪರೀಕ್ಷೆ ಆಗದ ಮಗುವಿನ ವಿಡಿಯೊ ತೆಗೆಯಲೇಬೇಡಿ. ಹೆಸರು ಕರೆದರೆ ತಿರುಗದ ಒಂದು ಹೆಣ್ಣುಮಗುವನ್ನು ಎಲ್ಲರೂ ಆಟಿಸಂ ಅಂದಿದ್ದರು. ಬೇರಾ ಮಾಡಿಸಿಕೊಂಡು ಬನ್ನಿ ಅಂತ ಕಳಿಸಿದೆ, ಎರಡೂ ಕಿವಿ ಕೇಳುತ್ತಿರಲಿಲ್ಲ. ಎರಡನೆಯದು, ರೆಕಾರ್ಡಿಂಗ್ ಅವರ ಫೋನಲ್ಲೇ ಮಾಡಿ, ನಿಮ್ಮದರಲ್ಲಿ ಬೇಡ. ಮಗುವಿನ ವಿಡಿಯೊ ಮನೆಯವರ ಹತ್ತಿರವೇ ಇರಬೇಕು. ಅದರಲ್ಲಿ ಇನ್ನೊಂದು ಲಾಭವೂ ಇದೆ. ರಾತ್ರಿ ಮನೆಗೆ ಬಂದ ಅಪ್ಪ ಅದನ್ನು ನೋಡುತ್ತಾನೆ, ಮುಂದಿನ ಸಲ ಅವನೂ ಬರುತ್ತಾನೆ.