ಎರಡು ದಿನ ಇಟ್ಟರೂ ಹಳದಿ ಬಂದ ನಳದ ನೀರು

ನಮ್ಮ ಹುಬ್ಬಳ್ಳಿ ಮನೆಗೆ ನಳ ಬರುವುದು ವಾರಕ್ಕೊಮ್ಮೆ. ಸಂಪು, ಸಿಂಟೆಕ್ಸ್, ಕೊಡ ತುಂಬಿದ ಮೇಲೆ ಅಕ್ವೇರಿಯಂಗೆ ಎರಡು ಬಕೆಟ್ ಹಿಡಿದಿಡುತ್ತೇನೆ. ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹಾರಿ ಹೋಗುತ್ತೆ ಅಂತಾರಲ್ವಾ, ಮೂರು ವರ್ಷ ಹಾಗೇ ನಡೆಯಿತು.

ಹೋದ ಮಳೆಗಾಲದಲ್ಲಿ ಎರಡು ದಿನ ಇಟ್ಟ ನೀರನ್ನೇ ಅರ್ಧ ಟ್ಯಾಂಕಿಗೆ ಹಾಕಿದೆ. ರಾತ್ರಿ ಗಪ್ಪಿ ಮೀನುಗಳು ಮೇಲೆ ಬಂದು ಬಾಯಿ ಬಿಡತೊಡಗಿದವು. ಬೆಳಗಾಗುವಷ್ಟರಲ್ಲಿ ನಾಲ್ಕು ಸತ್ತಿದ್ದವು. ತುಂಬಾ ಸಂಕಟವಾಯಿತು.

ಬಕೆಟ್‌ನಲ್ಲಿ ಉಳಿದಿದ್ದ ನೀರಿಗೆ ಕ್ಲೋರಿನ್ ಕಿಟ್‌ನ ಹನಿ ಹಾಕಿ ನೋಡಿದೆ. ನಿಂಬೆ ಶರಬತ್ತಿನಂಥ ಹಳದಿ! ಈ ಕಿಟ್‌ನಲ್ಲಿ ಹಳದಿ ಬಂದರೆ ಕ್ಲೋರಿನ್ ಇನ್ನೂ ಇದೆ ಅಂತ. ಎರಡು ದಿನ ಇಟ್ಟರೂ ಹೋಗಿಲ್ಲ ಅಂದರೆ ಅದು ಬರೀ ಕ್ಲೋರಿನ್ ಇರಲಿಕ್ಕಿಲ್ಲ, ಕ್ಲೋರಮೈನ್ ಇರಬೇಕು. ಮೂಲದ ನೀರಿನಲ್ಲಿ ಅಮೋನಿಯಾ ಇದ್ದರೆ ಕ್ಲೋರಿನ್ ಅದರ ಜೊತೆ ಸೇರಿ ಹೀಗಾಗುತ್ತದೆ. ಇದು ಅಷ್ಟು ಸುಲಭಕ್ಕೆ ಹಾರಿ ಹೋಗುವುದಿಲ್ಲ.

ಅಂಗಡಿಯಲ್ಲಿ ಸಿಗುವ ಆಂಟಿ-ಕ್ಲೋರಿನ್ ತಂದು ಹಾಕಿದೆ. ಅದರಲ್ಲಿರುವುದು ಸೋಡಿಯಂ ಥಯೋಸಲ್ಫೇಟ್. ಹಳದಿ ಹೋಯಿತು. ಆದರೆ ಅಮೋನಿಯಾ ಕಿಟ್‌ನಲ್ಲಿ ನೀರು ಹಸಿರಾಯಿತು, ಅಂದರೆ ಅಮೋನಿಯಾ ಇದೆ: 0.5 ಪಿಪಿಎಂ (ಲೀಟರಿಗೆ ಅರ್ಧ ಮಿಲಿಗ್ರಾಂ). ಕ್ಲೋರಮೈನ್ ಒಡೆದಾಗ ಅದರೊಳಗಿನ ಅಮೋನಿಯಾ ಹೊರಗೆ ಬರುತ್ತದೆ, ಅದೂ ಮೀನಿಗೆ ವಿಷವೇ. ಒಂದು ಕಿಟ್‌ನಲ್ಲಿ ಹಳದಿ ಅಂದರೆ ಅಪಾಯ, ಇನ್ನೊಂದರಲ್ಲಿ ಹಳದಿನೇ ಒಳ್ಳೆಯದು. ಇದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ.

ಈ ಅಮೋನಿಯಾವನ್ನು ಗಿಡಗಳಿಗೇ ಬಿಟ್ಟೆ. ಎಲೆಕೋಸಿನ ಹಾಗೆ ತೇಲುವ ಅಂತರಗಂಗೆ, ಜೊತೆಗೆ ಹಾರ್ನ್‌ವರ್ಟ್ ಹಾಕಿದೆ. ಬೇಗ ಬೆಳೆಯುವ ಗಿಡ ಅದನ್ನು ಗೊಬ್ಬರದಂತೆ ಹೀರುತ್ತದೆ. ಜಾವಾ ಮಾಸ್ ನಿಧಾನ, ಅದೊಂದೇ ಸಾಲದು.

ನೀರು ಹಾಕುವ ಹೊತ್ತನ್ನೂ ಬದಲಿಸಿದೆ. ಮೊದಲು ಸಂಜೆ ಹಾಕುತ್ತಿದ್ದೆ. ಹಗಲೆಲ್ಲ ಗಿಡಗಳು ಇಂಗಾಲದ ಡೈಆಕ್ಸೈಡ್ ಹೀರಿರುತ್ತವೆ, ಹಾಗಾಗಿ ಸಂಜೆಗೆ ಪಿಎಚ್ ಏರಿರುತ್ತದೆ. ಪಿಎಚ್ 7ಕ್ಕಿಂತ 8ರಲ್ಲಿ ಅಮೋನಿಯಾದ ವಿಷದ ಪಾಲು ಸುಮಾರು 10 ಪಟ್ಟು ಜಾಸ್ತಿ. ಈಗ ಬೆಳಿಗ್ಗೆ ಲೈಟ್ ಹಾಕುವಾಗ ಹಾಕುತ್ತೇನೆ. ಆಗ ಪಿಎಚ್ ಕಡಿಮೆ, ಗಿಡಗಳಿಗೂ ಇಡೀ ದಿನ ಸಿಗುತ್ತದೆ. ಆಂಟಿ-ಕ್ಲೋರಿನ್ ಬಕೆಟ್‌ನಲ್ಲೇ ಬೆರೆಸುತ್ತೇನೆ. ಬದಲಿಸುವುದು ಐದರಲ್ಲೊಂದು ಪಾಲು ಅಷ್ಟೇ, ಹಾಗಾಗಿ 0.5 ಇದ್ದದ್ದು ಟ್ಯಾಂಕಿನಲ್ಲಿ 0.1ಕ್ಕೆ ಇಳಿಯುತ್ತದೆ.

ಫಿಲ್ಟರ್ ಸ್ಪಂಜನ್ನು ನಳದ ಕೆಳಗೆ ಹಿಡಿದು ತೊಳೆಯಲೇಬೇಡಿ. ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಅದರಲ್ಲೇ ಇರುತ್ತವೆ, ನಳದ ನೀರಿನ ಕ್ಲೋರಿನ್‌ಗೆ ಅವು ಸಾಯಬಹುದು. ಟ್ಯಾಂಕಿನಿಂದ ತೆಗೆದ ನೀರಲ್ಲೇ ಹಿಂಡಿ.

ಸಂಜೆ ಲೈಟ್ ಆರಿಸುವ ಮುಂಚೆ ಇನ್ನೊಮ್ಮೆ ಅಮೋನಿಯಾ ಕಿಟ್ ಹಾಕಿ ನೋಡುತ್ತೇನೆ. ಸ್ವಲ್ಪ ಹಸಿರು ಕಂಡರೂ ಮರುದಿನ ಮೀನಿಗೆ ತಿಂಡಿ ಹಾಕುವುದಿಲ್ಲ, ತಿಂಡಿಯಿಂದಲೂ ಅಮೋನಿಯಾ ಹೆಚ್ಚುತ್ತದೆ.