ಹೊಳೆ ಬರುವ ಮೊದಲು ಓಣಿಯ ಪಟ್ಟಿ ಬರೆದಿಡಿ

ನಮ್ಮೂರು ಜಮಖಂಡಿ ತಾಲೂಕಿನಲ್ಲಿ, ಕೃಷ್ಣಾ ಹೊಳೆಯ ದಂಡೆಯಲ್ಲಿದೆ. 2019ರ ಆಗಸ್ಟಿನಲ್ಲಿ ಊರು ಬಿಟ್ಟು ಎತ್ತರದ ಶಾಲೆಗೆ ಹೋದ ದಿನ ನಮ್ಮ ಓಣಿಯ ಒಬ್ಬ ಅಜ್ಜಿಯನ್ನು ಬಿಟ್ಟೇ ಬಂದಿದ್ದೆವು. ಮಗಳ ಮನೆಗೆ ಹೋಗಿರಬೇಕು ಅಂತ ನಾನು ಅಂದುಕೊಂಡಿದ್ದೆ. ಪಕ್ಕದ ಮನೆಯವರೂ ಹಾಗೇ ಅಂದುಕೊಂಡಿದ್ದರು. ರಾತ್ರಿ ಊಟಕ್ಕೆ ಕೂತಾಗ ಆ ಮಗಳೇ ಬಂದು, "ಅವ್ವ ಎಲ್ಲಿ?" ಅಂದಳು. ಬೋಟಿನವರು ಹೋಗಿ ನೋಡಿದರೆ ಅಜ್ಜಿ ಮಂಚದ ಮೇಲೆ, ಮಡಿಲಲ್ಲಿ ಆಡಿನ ಮರಿ ಇಟ್ಟುಕೊಂಡು ಕೂತಿದ್ದಳು. ನೀರು ಮಂಚದ ಪಟ್ಟಿಯ ತನಕ ಬಂದಿತ್ತು. ಮಂಡಿನೋವಿಗೆ ಅವಳಿಗೆ ಏಳಲು ಆಗಿರಲಿಲ್ಲ.

ಅಂದಿನಿಂದ ನಾನು ಪ್ರತಿ ವರ್ಷ ಮೇ ತಿಂಗಳಲ್ಲಿ ಒಂದು ನೋಟ್‌ಬುಕ್ ಹಿಡಿದು ಓಣಿ ಸುತ್ತುತ್ತೇನೆ. ನಮ್ಮ ಓಣಿಯಲ್ಲಿ 28 ಮನೆ. ನಡೆಯಲಾಗದವರು ಯಾರು, ಬಸುರಿ ಯಾರು, ದಿನಾ ಇನ್ಸುಲಿನ್ ತಗೊಳ್ಳುವವರು ಯಾರು, ಯಾರ ಮನೆಯಲ್ಲಿ ಟ್ರಾಕ್ಟರ್ ಇದೆ, ಈಜು ಬರುವವರು ಯಾರು ಅಂತ ಬರೆದುಕೊಳ್ಳುತ್ತೇನೆ. ನಡೆಯಲಾಗದ ಒಬ್ಬೊಬ್ಬರ ಹೆಸರಿನ ಮುಂದೆ ಅವರನ್ನು ಕರೆದೊಯ್ಯುವ ಇಬ್ಬರ ಹೆಸರು ಇರಲೇಬೇಕು. ಒಬ್ಬರದೇ ಹೆಸರಿದ್ದರೆ ಸಾಲದು, ಆ ದಿನ ಅವರು ಊರಲ್ಲೇ ಇಲ್ಲದಿರಬಹುದು. ಇಷ್ಟಕ್ಕೆ ಸರ್ಕಾರ ಬೇಕಿಲ್ಲ, ಒಂದು ಸಂಜೆ ಸಾಕು.

ನಮ್ಮ ಕಡೆ ನೆರೆಗೆ ನಮ್ಮೂರಲ್ಲೇ ಮಳೆ ಆಗಬೇಕೆಂದಿಲ್ಲ. ಮಹಾರಾಷ್ಟ್ರದ ಘಟ್ಟದಲ್ಲಿ ಜೋರು ಮಳೆಯಾಗಿ ಕೊಯ್ನಾ ಅಣೆಕಟ್ಟಿನಿಂದ ನೀರು ಬಿಟ್ಟರೆ, ಇಲ್ಲಿ ಬಿಸಿಲಿದ್ದರೂ ಹೊಳೆ ಏರುತ್ತದೆ. ಹಾಗಾಗಿ ಆಕಾಶ ನೋಡುವುದಕ್ಕಿಂತ ಮಹಾರಾಷ್ಟ್ರದ ರಾಜಾಪುರ ಬ್ಯಾರೇಜಿನಿಂದ ಎಷ್ಟು ಕ್ಯೂಸೆಕ್ ಬಿಟ್ಟರು, ಚಿಕ್ಕೋಡಿ ತಾಲೂಕಿನ ಕಲ್ಲೋಳದಲ್ಲಿ ದೂಧಗಂಗಾ ಸೇರಿದ ಮೇಲೆ ಎಷ್ಟಾಯಿತು ಅಂತ ನೋಡಿ. ನಾವು ಗುಡಿಯ ಮೆಟ್ಟಿಲಿಗೆ ಕೆಂಪು ಬಣ್ಣದ ಗುರುತು ಹಾಕಿದ್ದೇವೆ. ನೀರು ಆ ಗುರುತು ಮುಟ್ಟಿತೆಂದರೆ ಮುದುಕರು, ಮಕ್ಕಳು, ದನಕರು ಹೊರಡಬೇಕು. ಆಗ ಚರ್ಚೆ ಇಲ್ಲ.

ದನದ ವಿಷಯ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಜನ ಮನೆ ಬಿಡಲು ಹಿಂಜರಿಯುವುದು ಹೆಚ್ಚಾಗಿ ಎಮ್ಮೆ, ಎತ್ತಿಗಾಗಿ. ಅವುಗಳಿಗೆ ಜಾಗ, ಮೇವು ಇದೆ ಅಂತ ಗೊತ್ತಾದರೆ ಮನುಷ್ಯರೂ ಬೇಗ ಹೊರಡುತ್ತಾರೆ. ಎತ್ತರದಲ್ಲಿರುವ ಯಾರದಾದರೂ ಹೊಲ ಮೊದಲೇ ಮಾತಾಡಿಟ್ಟುಕೊಳ್ಳಿ, ಅಲ್ಲೇ ಒಂದು ಬಣವಿ ಮೇವು ಒಟ್ಟಿಡಿ. ಮಳೆಗಾಲದಲ್ಲಿ ದನಕ್ಕೆ ಬಿಗಿಗಂಟು ಹಾಕಬೇಡಿ, ಎಳೆದರೆ ಬಿಚ್ಚುವ ಗಂಟು ಹಾಕಿ. ಹಗ್ಗ ನೀರಲ್ಲಿ ನೆನೆದರೆ ಗಂಟು ಕಲ್ಲಾಗುತ್ತದೆ. ನಾನು ಕುಡುಗೋಲಿನಿಂದ ಹಗ್ಗ ಕೊಯ್ಯುವಾಗ ಎಮ್ಮೆಯ ಮೂಗಿನ ತನಕ ನೀರಿತ್ತು. ಒಯ್ಯಲಾಗದಿದ್ದರೆ ಬಿಚ್ಚಿಬಿಡಿ, ಅವು ಈಜುತ್ತವೆ.

ಪಹಣಿ, ರೇಷನ್ ಕಾರ್ಡ್, ಆಧಾರ್, ಪಾಸ್‌ಬುಕ್ಕನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಹೊರಡುವಾಗ ಮೇನ್ ಸ್ವಿಚ್ ಆಫ್ ಮಾಡಿ. ಹರಿಯುವ ನೀರಿಗೆ ಯಾರೂ ಇಳಿಯಬೇಡಿ, ಮೊಣಕಾಲು ಮಟ್ಟದ್ದಾದರೂ. ಯಾರಾದರೂ ಸಿಕ್ಕಿಹಾಕಿಕೊಂಡಿದ್ದರೆ 112ಕ್ಕೆ ಇಲ್ಲವೇ ಜಿಲ್ಲಾ ಕಂಟ್ರೋಲ್ ರೂಮಿನ 1077ಕ್ಕೆ ಫೋನ್ ಮಾಡಿ.

ಇನ್ನು ದೂರದಿಂದ ಸಹಾಯ ಮಾಡಲು ಬರುವವರಿಗೆ ಒಂದು ಮಾತು. ಬರುವ ಮೊದಲು ಫೋನ್ ಮಾಡಿ, "ಇವತ್ತು ಏನು ಬೇಕು?" ಅಂತ ಕೇಳಿ. ನಮ್ಮ ಶಾಲೆಯ ಒಂದು ಕೋಣೆ ಹಳೇ ಬಟ್ಟೆಯಿಂದಲೇ ತುಂಬಿತ್ತು, ಜನ ಮಲಗಬೇಕಿದ್ದ ಕೋಣೆ ಅದು. ಅದೇ ಹೊತ್ತಿಗೆ ಹೆಣ್ಣುಮಕ್ಕಳು ಪ್ಯಾಡ್ ಇಲ್ಲದೆ, ಹೊಸ ಒಳಉಡುಪು ಇಲ್ಲದೆ, ಯಾರನ್ನು ಕೇಳುವುದೆಂದು ತಿಳಿಯದೆ ಕೂತಿದ್ದರು. ನಿಮ್ಮ ತಂಡದಲ್ಲಿ ಇಬ್ಬರಾದರೂ ಹೆಂಗಸರಿರಲಿ. ತಾಡಪತ್ರಿ, ಸೊಳ್ಳೆಪರದೆ, ಟಾರ್ಚ್, ಬಕೆಟ್ ಎಲ್ಲವೂ ಉಪಯೋಗಕ್ಕೆ ಬರುತ್ತವೆ. ಊಟ ಕಳಿಸುವುದಾದರೆ ಚಿತ್ರಾನ್ನ ಬೇಡ, ದಾರಿಯಲ್ಲೇ ಹಳಸುತ್ತದೆ. ಆ ವರ್ಷ ನಮ್ಮ ಕಡೆಯ ಎಷ್ಟೋ ಊರಿನ ಹೆಂಗಸರು ರಾತ್ರಿಯೆಲ್ಲ ಕೂತು ಕಟಕ್ ರೊಟ್ಟಿ ಬಡಿದು, ಶೇಂಗಾ ಚಟ್ನಿ ಕಟ್ಟಿ ಕಳಿಸಿದರು. ತಿಂಗಳಿಟ್ಟರೂ ಕೆಡುವುದಿಲ್ಲ. ಆ ರೊಟ್ಟಿಯ ಗಂಟು ಬಿಚ್ಚಿದಾಗ ನಮ್ಮವ್ವ ಅತ್ತುಬಿಟ್ಟಳು.

ನೀರಿದ್ದಾಗ ಜನ ತುಂಬಾ ಬರುತ್ತಾರೆ. ನೀರು ಇಳಿದ ಮೇಲೆ ಯಾರೂ ಇರುವುದಿಲ್ಲ, ಆದರೆ ಕೈ ಬೇಕಾಗುವುದು ಆಗಲೇ. ಒಂದು ಮನೆಯ ರಾಡಿ ಹೊರಹಾಕಲು ನಾಲ್ಕು ಜನ ಇಡೀ ದಿನ ದುಡಿಯಬೇಕು. ಗಮ್‌ಬೂಟ್, ಸಲಿಕೆ ತನ್ನಿ. ಕಾಲಲ್ಲಿ ಗಾಯವಿದ್ದರೆ ಕೆಸರಿಗೆ ಇಳಿಯಬೇಡಿ, ಇಲಿಜ್ವರ ಬರುತ್ತದೆ. ಕಟ್ಟಿಗೆ ರಾಶಿಗೆ, ಒಲೆಯ ಸಂದಿಗೆ ಕೈ ಹಾಕುವ ಮೊದಲು ಕೋಲಿನಿಂದ ತಟ್ಟಿ, ಹಾವುಗಳೂ ನಮ್ಮಂತೆ ಒಣ ಜಾಗ ಹುಡುಕಿ ಬಂದಿರುತ್ತವೆ. ಹಾವು ಕಚ್ಚಿದರೆ ಬಿಗಿದು ಕಟ್ಟುವುದು, ಕೊಯ್ಯುವುದು ಬೇಡ, ನೇರ ಸರ್ಕಾರಿ ಆಸ್ಪತ್ರೆಗೆ ಒಯ್ಯಿರಿ. ತೊಳೆದ ಟ್ಯಾಂಕಿಗೆ ಸಾವಿರ ಲೀಟರ್ ನೀರಿಗೆ 2.5 ಗ್ರಾಂ ಬ್ಲೀಚಿಂಗ್ ಪೌಡರ್ ಹಾಕಿ, ಅರ್ಧ ಗಂಟೆ ಬಿಟ್ಟು ಬಳಸಿ.

ಆದರೆ ಪೊರಕೆ ಹಿಡಿಯುವ ಮೊದಲು ಫೋಟೋ ತೆಗೆಯಿರಿ. ಬಿದ್ದ ಗೋಡೆ, ನೆಂದ ಜೋಳ, ಗೋಡೆಯ ಮೇಲಿನ ನೀರಿನ ಗೆರೆ, ಪಕ್ಕದಲ್ಲಿ ಮನೆಯವರು ನಿಂತಿರಲಿ. ನಾವು ಪ್ರೀತಿಯಿಂದ ಆ ಅಜ್ಜಿಯ ಮನೆಯನ್ನೇ ಮೊದಲು ತೊಳೆದು, ಸುಣ್ಣ ಬಳಿದೆವು. ಮರುದಿನ ಹಾನಿಯ ಪಂಚನಾಮೆಗೆ ಬಂದವರು, "ಇಲ್ಲಿ ನೀರು ಬಂದಿತ್ತಾ?" ಅಂತ ಕೇಳಿದರು.